‘ನೀರು ಬಿಟ್ರಾ?’ ಅಂದರೆ ಎಐಗೆ ಅರ್ಥ ಆಗುತ್ತಾ?

ಓದುಗರ ಪ್ರಶ್ನೆ: ಮಾತಾಡುವಾಗ ನಾವು ಅರ್ಧ ಪದ ನುಂಗಿಬಿಡುತ್ತೇವೆ. ಚಾಟ್‌ಜಿಪಿಟಿಯಂಥವಕ್ಕೆ ಆ ನುಂಗಿದ ಪದ ಗೊತ್ತಾಗುತ್ತಾ?

ಉತ್ತರ: ಪದ ಎಲ್ಲಿ ನುಂಗಿದ್ದೀರಿ ಅನ್ನುವುದರ ಮೇಲೆ.

ಮಳೆಗಾಲದಲ್ಲಿ ಗಂಗಾವತಿಯ ಚಹದಂಗಡಿಯಲ್ಲಿ ಒಬ್ಬ ರೈತರು ‘ನೀರು ಬಿಟ್ರಾ?’ ಅಂದರೆ ಯಾರೂ ನಲ್ಲಿ ಕಡೆ ನೋಡುವುದಿಲ್ಲ. ಯಾರು, ಎಲ್ಲಿಂದ, ಯಾವ ಕಾಲುವೆಗೆ ಅಂತ ಅವರು ಹೇಳಿಲ್ಲ. ಆದರೂ ತುಂಗಭದ್ರಾ ಡ್ಯಾಮು, ಎಡದಂಡೆ ಕಾಲುವೆ, ಭತ್ತದ ನಾಟಿ ಎಲ್ಲ ಆ ಎರಡು ಪದದೊಳಗೇ ಇದೆ. 2024ರ ಆಗಸ್ಟಿನಲ್ಲಿ ‘ಹತ್ತೊಂಬತ್ತು ಕೊಚ್ಚಿಕೊಂಡು ಹೋಯ್ತಂತೆ’ ಅಂದರೂ ಸಾಕಿತ್ತು. ಡ್ಯಾಮಿನ ಹತ್ತೊಂಬತ್ತನೇ ಗೇಟು ಅಂತ ಬಿಡಿಸಿ ಹೇಳಬೇಕಿರಲಿಲ್ಲ.

ಎಐ ಕಲಿತಿದ್ದು ಬರಹದಿಂದ. ಬಿಟ್ಟ ಪದ ಅಲ್ಲೇ ಅಕ್ಕಪಕ್ಕ ಇದ್ದರೆ ಅದು ಜಾಣ. ‘ಅಣ್ಣ ಮಿರ್ಚಿ ತಿಂದ, ನಾನು ಮಂಡಕ್ಕಿ’ ಅಂದರೆ ‘ತಿಂದೆ’ ಅಂತ ತಾನೇ ತುಂಬಿಕೊಳ್ಳುತ್ತದೆ. ಚಾಟ್‌ಜಿಪಿಟಿಯಂಥವುಗಳ ಒಳಗಿರುವ, 2017ರಲ್ಲಿ ಬಂದ ‘ಟ್ರಾನ್ಸ್‌ಫಾರ್ಮರ್’ ಎಂಬ ವಿನ್ಯಾಸದ ಕೆಲಸವೇ ಅದು: ಒಂದು ಪದವನ್ನು ಸುತ್ತಲಿನ ಪದಗಳ ಜೊತೆ ತಾಳೆ ಹಾಕಿ ನೋಡುವುದು.

ಕನ್ನಡದ ಕ್ರಿಯಾಪದವೂ ಅದಕ್ಕೆ ಸಹಾಯ ಮಾಡುತ್ತದೆ. ‘ಬಂದಳು’ ಅಂದರೆ ‘ಅವಳು’ ಅಂತ ಬೇರೆ ಹೇಳಬೇಕಾಗಿಲ್ಲ, ಬಾಲದಲ್ಲೇ ಇದೆ. ಆದರೆ ‘ಬಂದಿಲ್ಲ’ ಅನ್ನಿ. ನಾನಾ, ನೀನಾ, ಅವಳಾ, ಬಸ್ಸಾ? ‘ಇಲ್ಲ’ ಸೇರಿದ ಕೂಡಲೇ ಬಾಲ ಮಾಯ! ನಾವು ದಿನಾ ನೂರು ಸಲ ಹೇಳುವ ಮಾತು ಇದು, ಒಮ್ಮೆಯೂ ತಡವರಿಸುವುದಿಲ್ಲ. ಈಗ ಅದೊಂದೇ ಮಾತನ್ನು ಇಂಗ್ಲಿಷಿಗೆ ಮಾಡಿಕೊಡು ಅಂತ ಎಐಗೆ ಹೇಳಿ ನೋಡಿ. ಇಂಗ್ಲಿಷಿನಲ್ಲಿ ಯಾರು ಅಂತ ಬರೆಯದೆ ವಾಕ್ಯ ನಿಲ್ಲುವುದಿಲ್ಲ. ಹಾಗಾಗಿ ಅದು ಯಾರನ್ನೋ ಒಬ್ಬರನ್ನು ಹಿಡಿದು ಕೂರಿಸುತ್ತದೆ. ‘ಯಾರು ಬಂದಿಲ್ಲ?’ ಅಂತ ತಿರುಗಿ ಕೇಳಿದರೆ ಚೆಂದ, ಆದರೆ ಎಷ್ಟೋ ಸಲ ಕೇಳುವುದಿಲ್ಲ. ತಪ್ಪಾಗುವುದಕ್ಕಿಂತ ಹೀಗೆ ಸುಮ್ನೆ ಊಹಿಸಿ ಗಟ್ಟಿಯಾಗಿ ಹೇಳುವುದೇ ನನಗೆ ಜಾಸ್ತಿ ಕಿರಿಕಿರಿ.

ಬಿಟ್ಟ ಪದ ವಾಕ್ಯದಲ್ಲಿಲ್ಲದೆ ಊರಿನಲ್ಲಿದ್ದರೆ ಕಷ್ಟ ಇನ್ನೂ ಹೆಚ್ಚು. ಡ್ಯಾಮಿನ ಬಗ್ಗೆ, ಕಾಲುವೆಗಳ ಬಗ್ಗೆ ಎಐ ಓದಿರುತ್ತದೆ, ನಿಜ. ಆದರೆ ಕೇಳುತ್ತಿರುವ ನೀವು ಎಲ್ಲಿ ನಿಂತಿದ್ದೀರಿ ಅಂತ ಅದಕ್ಕೆ ಹೇಗೆ ತಿಳಿಯಬೇಕು? ಊರು, ಬೆಳೆ, ಕಾಲುವೆಯ ಹೆಸರು ಒಂದು ಸಾಲು ಬರೆದರೆ ದಾರಿಗೆ ಬರುತ್ತದೆ. ಇಲ್ಲದಿದ್ದರೆ ನಲ್ಲಿ ನೀರು ಅಂದುಕೊಂಡೀತು. ಪಾಪ, ಅದರದ್ದೂ ಪೂರ್ತಿ ತಪ್ಪಲ್ಲ. ಬಳ್ಳಾರಿ ಪೇಟೆಯ ಓಣಿಯಲ್ಲಿ ಬೆಳಗ್ಗೆ ಕೊಡ ಹಿಡಿದು ‘ನೀರು ಬಿಟ್ರಾ?’ ಅಂತ ಕೇಳುವುದು ನಲ್ಲಿ ನೀರಿಗೇ ಅಲ್ವಾ?