ಗಿರಣಿಯೊಳಗೆ ಮನಸ್ಸು ಎಲ್ಲಿದೆ?

ಧಾರವಾಡದ ನಮ್ಮ ಓಣಿಯ ಗಿರಣಿಯಲ್ಲಿ ಜೋಳ ಬೀಸಲು ಕೊಟ್ಟರೆ ಹತ್ತು ನಿಮಿಷ ಸುಮ್ನೆ ನಿಲ್ಲಬೇಕು. ಮೇಲಿಂದ ಕಾಳು ಸುರಿಯುತ್ತಾರೆ, ಪಟ್ಟಾ ತಿರುಗುತ್ತೆ, ಕಲ್ಲಿಗೆ ಕಲ್ಲು ಉಜ್ಜುತ್ತೆ, ಕೆಳಗೆ ಕಟ್ಟಿದ ಬಟ್ಟೆಯ ತುದಿಯಿಂದ ಹಿಟ್ಟು ಇಳಿಯುತ್ತೆ. "ಬಿಸಿ ಐತ್ರಿ, ಆರಿದಮ್ಯಾಲೆ ಡಬ್ಬಿ ಮುಚ್ರಿ" ಅಂತಾರೆ ಗಿರಣಿಯವರು. ಯಾವ ಭಾಗ ಏನು ಮಾಡುತ್ತೆ ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತೆ. ಗುಟ್ಟು ಏನೂ ಇಲ್ಲ.

1714ರಲ್ಲಿ ಜರ್ಮನಿಯ ತತ್ವಜ್ಞಾನಿ ಲೈಬ್ನಿಜ್ ಇಂಥದ್ದೇ ಗಿರಣಿಯನ್ನು ಉದಾಹರಣೆಗೆ ತಗೊಂಡ. ಯೋಚಿಸುವ, ನೋವು ಅರಿಯುವ ಒಂದು ಯಂತ್ರ ಇದೆ ಅಂದುಕೊಳ್ಳಿ. ಅದನ್ನು ಗಿರಣಿಯಷ್ಟು ದೊಡ್ಡದು ಮಾಡಿ ಒಳಗೆ ಹೋಗಿ ನೋಡಿ. ಒಂದು ಭಾಗ ಇನ್ನೊಂದನ್ನು ತಳ್ಳೋದು ಕಾಣುತ್ತೆ. ಅರಿವು ಮಾತ್ರ ಎಲ್ಲೂ ಕಾಣೋದಿಲ್ಲ. ಹಾಗಾದರೆ ಅರಿವು ಯಂತ್ರದ ಕೆಲಸ ಅಲ್ಲ ಅಂದ ಅವನು. ಮುನ್ನೂರು ವರ್ಷ ಆದರೂ ಈ ಮಾತಿಗೆ ಎಲ್ಲರೂ ಒಪ್ಪುವ ಉತ್ತರ ಸಿಕ್ಕಿಲ್ಲ.

ಈ ಜಗಳ ಶುರುವಾಗಿದ್ದು ಅವನಿಗಿಂತ ಹಿಂದೆ. 1623ರಲ್ಲಿ ಇಟಲಿಯ ಗೆಲಿಲಿಯೋ ಒಂದು ಪಕ್ಷಿಯ ಗರಿ ಹಿಡಿದು ವಾದ ಮಾಡಿದ. ಗರಿ ಮೂಗಿಗೆ ತಾಗಿದರೆ ಕಚಗುಳಿ ಆಗುತ್ತೆ. ಆ ಕಚಗುಳಿ ಗರಿಯಲ್ಲಿ ಇಲ್ಲ, ನಮ್ಮಲ್ಲಿದೆ. ಬಣ್ಣ, ರುಚಿ, ವಾಸನೆ ಎಲ್ಲ ಹಾಗೇ ಅಂದ. ವಸ್ತುವಿಗೆ ಆಕಾರ, ಅಳತೆ, ಚಲನೆ ಇಂಥವು ಮಾತ್ರ ಉಳಿದವು. ಅವನ ಲೆಕ್ಕದಲ್ಲಿ ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಉದ್ದ ಇದೆ, ಸುಕ್ಕು ಇದೆ. ಆ ಕೆಂಪು, ಆ ಘಾಟು ಮಾತ್ರ ನೋಡುವವರದ್ದು, ಮೂಸುವವರದ್ದು.

ಭೌತವಿಜ್ಞಾನಕ್ಕೆ ಇದರಿಂದ ದೊಡ್ಡ ಲಾಭ ಆಯ್ತು. ಅಳೆಯಲು ಬರುವುದನ್ನು ಅಳೆದು ಲೆಕ್ಕ ಹಾಕಬಹುದಾಯಿತು. ಆದರೆ ತೊಡಕು ಹುಟ್ಟಿದ್ದೂ ಇಲ್ಲೇ ಅಂತ ನನಗೆ ಅನ್ನಿಸುತ್ತೆ. ಕೆಂಪು, ನೋವು, ಘಾಟು ಇವನ್ನೆಲ್ಲ ಮೊದಲೇ ವಸ್ತುವಿನಿಂದ ತೆಗೆದಿಟ್ಟು, ಆಮೇಲೆ ಅದೇ ವಸ್ತುವಿನಲ್ಲಿ ಹುಡುಕಿದರೆ ಸಿಗೋದು ಹೇಗೆ?

ವಸ್ತುವಿಗೂ ಅರಿವಿಗೂ ನಡುವಿನ ಈ ಗೆರೆಯನ್ನು ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಇನ್ನೂ ಗಟ್ಟಿ ಮಾಡಿದ. ಅರಮನೆಯ ತೋಟಗಳಲ್ಲಿ ನೀರಿನ ಒತ್ತಡದಿಂದ ಗೊಂಬೆಗಳು ಕುಣಿಯುತ್ತಿದ್ದ ಕಾಲ ಅದು. ದೇಹವೂ ಅಂಥದ್ದೇ ಯಂತ್ರ, ಪ್ರಾಣಿಗಳಂತೂ ಪೂರ್ತಿ ಯಂತ್ರ ಅಂದ. ಮನುಷ್ಯನಿಗೆ ಮಾತ್ರ ಯೋಚಿಸುವ ಆತ್ಮ ಬೇರೆ ಇದೆ. ಅದಕ್ಕೆ ಉದ್ದಗಲ ಇಲ್ಲ, ಜಾಗವೂ ಬೇಕಿಲ್ಲ.

1643ರ ಮೇ ತಿಂಗಳಲ್ಲಿ ಅವನಿಗೆ ಒಂದು ಪತ್ರ ಬಂತು. ಬರೆದವಳು ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್. ವಯಸ್ಸು 24. ಅಪ್ಪ ರಾಜ್ಯ ಕಳೆದುಕೊಂಡಿದ್ದರಿಂದ ಮನೆಮಂದಿಯ ಜೊತೆ ಹಾಲೆಂಡಿನಲ್ಲಿ ಇದ್ದಳು. ಅವಳು ಕೇಳಿದ್ದು ಇಷ್ಟೇ: ಒಂದು ವಸ್ತು ಅಲುಗಾಡಬೇಕಾದರೆ ಏನಾದರೂ ಅದನ್ನು ತಳ್ಳಬೇಕು, ತಳ್ಳಬೇಕಾದರೆ ತಾಗಬೇಕು. ಉದ್ದಗಲವೇ ಇಲ್ಲದ ಆತ್ಮ ದೇಹವನ್ನು ತಾಗೋದು ಹೇಗೆ? ಡೆಕಾರ್ಟ್ ಉತ್ತರ ಬರೆದ. ಅವಳಿಗೆ ಅದು ಸಾಲಲಿಲ್ಲ. ಉದ್ದಗಲ ಇಲ್ಲದ್ದು ದೇಹವನ್ನು ಅಲುಗಾಡಿಸುತ್ತೆ ಅಂತ ಒಪ್ಪುವುದಕ್ಕಿಂತ ಆತ್ಮಕ್ಕೇ ಉದ್ದಗಲ ಇದೆ ಅಂತ ಒಪ್ಪುವುದು ಸುಲಭ ಅಂತ ಜೂನ್‌ನಲ್ಲಿ ಮತ್ತೆ ಬರೆದಳು. ಕೊನೆಗೆ 1649ರಲ್ಲಿ ಅವನು ಮಿದುಳಿನ ನಡುವಿನ ಪೀನಿಯಲ್ ಗ್ರಂಥಿಯನ್ನು ಆತ್ಮವೂ ದೇಹವೂ ಕೂಡುವ ಜಾಗ ಅಂತ ತೋರಿಸಿದ. ಆದರೆ ಅವಳು ಎಲ್ಲಿ ಅಂತ ಕೇಳಿರಲಿಲ್ಲ, ಹೇಗೆ ಅಂತ ಕೇಳಿದ್ದಳು. ಈ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಮೆಚ್ಚುಗೆ ಆ ಹುಡುಗಿಯ ಪ್ರಶ್ನೆಯ ಮೇಲೆ.

ತಾಗದೆ ತಳ್ಳೋದು ಆಗದು ಅನ್ನುವ ನಂಬಿಕೆಯೂ ಜಾಸ್ತಿ ದಿನ ನಿಲ್ಲಲಿಲ್ಲ. 1687ರಲ್ಲಿ ನ್ಯೂಟನ್ ಹೇಳಿದ ಗುರುತ್ವ ಸೂರ್ಯನಿಂದ ಭೂಮಿಯವರೆಗೆ ತಾಗದೇ ಎಳೆಯಿತು. ಅದು ಯಾಕೆ ಹಾಗೆ ಅಂತ ಅವನೂ ಹೇಳಲಿಲ್ಲ. ಆದರೂ ಯಂತ್ರದ ಕಲ್ಪನೆ ಬೆಳೆಯುತ್ತಲೇ ಹೋಯ್ತು. 1747ರ ಕೊನೆಗೆ ಲಾ ಮೆಟ್ರಿ ಎಂಬ ಫ್ರೆಂಚ್ ವೈದ್ಯ ಮನುಷ್ಯನೂ ಯಂತ್ರವೇ ಅಂತ ಪುಸ್ತಕ ಬರೆದು, ಹಾಲೆಂಡ್ ಬಿಟ್ಟು ಓಡಬೇಕಾಯಿತು. 1874ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಹಕ್ಸ್‌ಲಿ ಅರಿವನ್ನು ರೈಲು ಎಂಜಿನ್ನಿನ ಸೀಟಿಗೆ ಹೋಲಿಸಿದ. ಸೀಟಿ ಕೂಗುತ್ತೆ, ಆದರೆ ಗಾಲಿ ತಿರುಗಲು ಅದು ಬೇಕಿಲ್ಲ. ರೈಲಿನ ಊರಾದ ಹುಬ್ಬಳ್ಳಿಯವರು ಇದನ್ನು ಸುಲಭಕ್ಕೆ ಒಪ್ಪಲಾರರು. ಸೀಟಿ ಕೇಳಿದ ತಕ್ಷಣ ಹಳಿ ಮೇಲಿದ್ದವರು ಪಕ್ಕಕ್ಕೆ ಸರಿಯುತ್ತಾರೆ, ಅಲ್ವಾ?

ಅದೇ ಕಾಲದಲ್ಲಿ ಇತ್ತ ಶಿಶುನಾಳದ ಶರೀಫರು (1819–1889) ಹುಬ್ಬಳ್ಳಿಯ ಗಿರಣಿ ನೋಡಿ ತತ್ವಪದ ಕಟ್ಟಿದರು. ಲೈಬ್ನಿಜ್‌ಗೆ ಗಿರಣಿ ಅಂದರೆ ಅರಿವು ಸಿಗದ ಜಾಗ. ಶರೀಫರಿಗೆ ಅದು ತತ್ವ ಹೇಳಲು ಒದಗಿದ ವಸ್ತು.

ನಮ್ಮಲ್ಲಿ ಈ ವಾದ ಬಹಳ ಹಳೆಯದು, ಗೆರೆ ಎಳೆದ ಜಾಗ ಮಾತ್ರ ಬೇರೆ. ದೇಹ ಬಿಟ್ಟು ಬೇರೆ ಆತ್ಮ ಇಲ್ಲ ಅನ್ನುವ ಚಾರ್ವಾಕರು ಎಲೆ-ಅಡಿಕೆ ತೋರಿಸಿದರು. ಎಲೆ ಹಸಿರು, ಸುಣ್ಣ ಬಿಳಿ. ಬಿಡಿಬಿಡಿಯಾಗಿ ಯಾವುದರಲ್ಲೂ ಇಲ್ಲದ ಕೆಂಪು ಅಡಿಕೆಯ ಜೊತೆ ಅಗಿದಾಗ ಬಾಯಲ್ಲಿ ಬರುತ್ತೆ. ಅರಿವೂ ಹಾಗೆ ಮಣ್ಣು, ನೀರು, ಬೆಂಕಿ, ಗಾಳಿ ಎಂಬ ಭೂತಗಳು ಕೂಡಿದಾಗ ಹುಟ್ಟುತ್ತೆ ಅಂದರು. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಎಂಬ ಋಷಿ ಮಗನನ್ನು ಹದಿನೈದು ದಿನ ಬರೀ ನೀರಿನ ಮೇಲೆ ಇರಿಸುತ್ತಾನೆ. ಕಲಿತದ್ದೆಲ್ಲ ಮರೆತುಹೋಗುತ್ತೆ, ಉಂಡ ಮೇಲೆ ನೆನಪಾಗುತ್ತೆ. ಮನಸ್ಸು ಅನ್ನದಿಂದ ಆದದ್ದು ಅಂತ ಅಪ್ಪ ಹೇಳುತ್ತಾನೆ. ಸಾಂಖ್ಯ ದರ್ಶನದವರಂತೂ ಮನಸ್ಸು, ಬುದ್ಧಿ, ಅಹಂಕಾರ ಎಲ್ಲವನ್ನೂ ಜಡದ ಕಡೆಗೇ ಹಾಕಿದರು. ಅವರ ಗೆರೆ ದೇಹ ಮತ್ತು ಮನಸ್ಸಿನ ನಡುವೆ ಇಲ್ಲ. ಮನಸ್ಸು ಮತ್ತು ಅದನ್ನು ನೋಡುವ ಪುರುಷನ, ಅಂದರೆ ಬರೀ ಸಾಕ್ಷಿಯಾದ ಅರಿವಿನ, ನಡುವೆ ಇದೆ. ಆ ಪುರುಷ ಏನೂ ಮಾಡದೆ ಇದ್ದರೆ ಜಡಕ್ಕೂ ಅವನಿಗೂ ಸಂಬಂಧ ಹೇಗೆ ಅಂತ ಅವರನ್ನೂ ಕೇಳಬಹುದು. ಕುಂಟನೂ ಕುರುಡನೂ ಕೂಡಿ ದಾರಿ ನಡೆದ ಹಾಗೆ ಅಂತ ಅವರು ಹೇಳಿದರು.

ಧಾರವಾಡದ ದೊಡ್ಡ ಆಸ್ಪತ್ರೆಯ ಹೆಸರು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ನನಗೆ ಪರಿಚಯದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ವೈದ್ಯರ ಹತ್ತಿರ ಹೋಗಿ ಬಂದಮೇಲೆ ನನ್ನನ್ನು ಕೇಳಿದರು: "ಇದು ನರದ ಬ್ಯಾನಿನೋ, ಮನಸಿಂದೋ?" ನರದ್ದು ಅಂದರೆ ಮಗನ ತಪ್ಪಿಲ್ಲ. ಮನಸ್ಸಿನದು ಅಂದರೆ ಮನಸ್ಸು ಗಟ್ಟಿ ಮಾಡ್ಕೋ ಅಂತ ನೆಂಟರು ಅವನನ್ನೇ ಬೈಯುತ್ತಾರೆ. ಗುಳಿಗೆಯಿಂದ ಅವನಿಗೆ ನಿದ್ದೆ ಬಂತು. ವೈದ್ಯರು ದಿನವೂ ಕೂತು ಮಾತಾಡಿದ ಮೇಲೆ ಊಟ ಸೇರಿತು. ನರ, ಮನಸ್ಸು ಎರಡರಲ್ಲಿ ಯಾವುದು ಯಾವುದನ್ನು ತಾಗಿತು ಅಂತ ಆಕೆ ಇನ್ನೂ ಕೇಳುತ್ತಾರೆ.