ಒಬ್ಬರೇ "ನಾನು ನೋಡಿದೆ" ಅಂದರೆ ಜೀವಾವಧಿ ಆಗುತ್ತದಾ?

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆ, ಮುಧೋಳ ತಾಲ್ಲೂಕು. ಹೊಲದ ಬದುವಿನ ಜಗಳದಿಂದ ಶುರುವಾದ ಒಂದು ಕೊಲೆ ಕೇಸಿನಲ್ಲಿ ನಮ್ಮ ಕಾಕಾ ಅವರಿಗೆ ಜೀವಾವಧಿ ಶಿಕ್ಷೆಯಾಗಿದೆ. ರಾತ್ರಿ ಕಬ್ಬಿನ ಹೊಲದ ಹತ್ತಿರ ಅವರನ್ನು ನೋಡಿದೆ ಎಂದು ಒಬ್ಬರೇ ಸಾಕ್ಷಿ ಹೇಳಿದ್ದಾರೆ. ಮೊದಲು ಅವರು ಊರಲ್ಲಿ ಯಾರ ಹೆಸರನ್ನೂ ಹೇಳಿರಲಿಲ್ಲ. ಒಬ್ಬರ ಮಾತಿನ ಮೇಲೆ ಇಷ್ಟು ದೊಡ್ಡ ಶಿಕ್ಷೆ ಕೊಡಬಹುದಾ ಸರ್? ಈಗ ನಾವೇನು ಮಾಡಬೇಕು?

ಉತ್ತರ: ಕೊಡಬಹುದು. ಇಂಥದೇ ಪ್ರಶ್ನೆ ಬೆಳಗಾವಿ, ವಿಜಯಪುರದ ಕಡೆಯಿಂದಲೂ ಜಾಸ್ತಿ ಬರುತ್ತದೆ. "ಕನಿಷ್ಠ ಇಬ್ಬರು ಸಾಕ್ಷಿ ಬೇಕಲ್ವಾ?" ಎಂದು ಎಲ್ಲರೂ ಕೇಳುತ್ತಾರೆ. ಬೇಕಿಲ್ಲ. ಇಷ್ಟೇ ಸಾಕ್ಷಿಗಳು ಇರಬೇಕು ಎಂದು ನಮ್ಮ ಕಾನೂನು ಎಲ್ಲೂ ಹೇಳುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 134ನೇ ಕಲಂ ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 139ನೇ ಕಲಂ ಕೂಡ ಅದನ್ನೇ ಹೇಳುತ್ತದೆ.

ಆದರೆ ಆ ಒಬ್ಬರ ಮಾತು ಎಂಥದ್ದು ಎಂಬುದೇ ಇಡೀ ಕೇಸು. 1957ರಲ್ಲಿ ವಡಿವೇಲು ತೇವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಾಕ್ಷಿಗಳನ್ನು ಮೂರು ಬಗೆಯಾಗಿ ನೋಡಿತು. ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ಎರಡರ ನಡುವೆ ಇರುವವರು. ಮೊದಲನೆಯವರಾದರೆ ಒಬ್ಬರೇ ಸಾಕು. ಎರಡನೆಯವರಾದರೆ ಆ ಮಾತನ್ನು ಬದಿಗಿಡಬೇಕು. ಮೂರನೆಯವರಾದರೆ ಅವರ ಮಾತಿಗೆ ಬೇರೆ ಕಡೆಯಿಂದ ಬೆಂಬಲ ಬೇಕು. ವೈದ್ಯರ ವರದಿಯೋ, ವಶಪಡಿಸಿಕೊಂಡ ವಸ್ತುವೋ, ಫೋನಿನ ದಾಖಲೆಯೋ, ಏನಾದರೂ ಇರಲೇಬೇಕು. ನಾನು ನೋಡಿದ ಬಹುಪಾಲು ಕೇಸುಗಳಲ್ಲಿ ಜಗ್ಗಾಟ ನಡೆಯುವುದು ಈ ಮೂರನೆಯ ಬಗೆಯ ಸಾಕ್ಷಿಯ ಮೇಲೆಯೇ.

ನಿಮ್ಮ ಕಾಕಾ ನಿರಪರಾಧಿ ಹೌದೋ ಅಲ್ಲವೋ ಎಂದು ಪತ್ರ ಓದಿ ಹೇಳಲು ಬರುವುದಿಲ್ಲ. ಅಲ್ಲಿ ಒಂದು ಜೀವ ಹೋಗಿದೆ, ಆ ಮನೆಯವರಿಗೂ ನ್ಯಾಯ ಬೇಕು. ತಪ್ಪು ಮನುಷ್ಯ ಒಳಗೆ ಕೂತರೆ ನಿಜವಾಗಿ ಕೊಂದವನು ಹೊರಗೆ ಓಡಾಡಿಕೊಂಡಿರುತ್ತಾನೆ. ಸಾಕ್ಷಿಯ ಮಾತನ್ನು ತಿಕ್ಕಿ ನೋಡುವುದು ಎರಡೂ ಮನೆಗಳಿಗೆ ಬೇಕಾದ ಕೆಲಸ.

ನೀವು ಸಾಕ್ಷಿ ಸುಳ್ಳು ಹೇಳಿದ್ದಾರೆ ಎಂದು ಬರೆದಿಲ್ಲ. ಅದು ನನಗೆ ಹಿಡಿಸಿತು. ಸಾಮಾನ್ಯವಾಗಿ ಮನೆಯವರು ಮೊದಲ ಮಾತಿಗೇ "ಅವನು ದುಡ್ಡು ತಿಂದ" ಅನ್ನುತ್ತಾರೆ. ಕೆಲವೊಮ್ಮೆ ಹಳೇ ದ್ವೇಷಕ್ಕೆ ಹೆಸರು ಸೇರಿಸುವುದು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನನ್ನು ಜಾಸ್ತಿ ಕಾಡುವುದು ಪ್ರಾಮಾಣಿಕವಾಗಿ ತಪ್ಪು ಹೇಳುವ ಸಾಕ್ಷಿ. ಅವರಿಗೆ ತಾವು ಹೇಳುತ್ತಿರುವುದು ನಿಜವೆಂದೇ ನಂಬಿಕೆ ಇರುತ್ತದೆ. ದನಿ ನಡುಗುವುದಿಲ್ಲ, ಪಾಟೀ ಸವಾಲಿಗೂ ಜಗ್ಗುವುದಿಲ್ಲ. ಕೇಳಿದವರೆಲ್ಲ ನಂಬುತ್ತಾರೆ.

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಕರ್ಕ್ ಬ್ಲಡ್ಸ್‌ವರ್ತ್ ಎಂಬುವರಿಗೆ 1985ರಲ್ಲಿ ಒಂಬತ್ತು ವರ್ಷದ ಹುಡುಗಿಯ ಕೊಲೆ ಕೇಸಿನಲ್ಲಿ ಮರಣದಂಡನೆಯಾಯಿತು. ಅವರ ವಿರುದ್ಧ ಸಾಕ್ಷಿ ಹೇಳಿದವರು ಐದು ಮಂದಿ. 1993ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಅವರು ಅಲ್ಲವೇ ಅಲ್ಲ ಎಂದು ಗೊತ್ತಾಯಿತು. ಮುಂದೆ 2003ರಲ್ಲಿ ಅದೇ ಡಿಎನ್‌ಎ ನಿಜವಾದ ಅಪರಾಧಿಯನ್ನು ತೋರಿಸಿತು. ಐದು ಜನ, ಐವರೂ ತಪ್ಪು!

ನಮ್ಮ ಪಕ್ಕದ ರಾಜ್ಯದ್ದೇ ಒಂದು ಕೇಸು ನೋಡಿ. 2003ರಲ್ಲಿ ಮಹಾರಾಷ್ಟ್ರದ ನಾಸಿಕ್ ಕಡೆ ಒಂದೇ ಮನೆಯಲ್ಲಿ ಐವರ ಕೊಲೆಯಾಯಿತು. ಬದುಕುಳಿದ ತಾಯಿ ಪೊಲೀಸರ ಆಲ್ಬಮ್ ನೋಡಿ ನಾಲ್ವರ ಫೋಟೋ ಗುರುತಿಸಿದ್ದರು. ಆದರೆ ಕೇಸು ನಡೆದದ್ದು ಬೇರೆಯೇ ಆರು ಜನರ ಮೇಲೆ. ಎಲ್ಲರೂ ಅಲೆಮಾರಿ ಸಮುದಾಯದ ಬಡವರು. ಕೋರ್ಟಿನಲ್ಲಿ ಆಕೆ ಇವರನ್ನೇ ತೋರಿಸಿದರು. 2009ರಲ್ಲಿ ಸುಪ್ರೀಂ ಕೋರ್ಟೇ ಆರೂ ಜನರಿಗೆ ಗಲ್ಲು ಖಾಯಂ ಮಾಡಿತ್ತು. 2019ರ ಮಾರ್ಚ್‌ನಲ್ಲಿ ಅದೇ ಕೋರ್ಟು, ಆ ಮೊದಲ ಗುರುತಿಸುವಿಕೆಯನ್ನು ಮುಚ್ಚಿಟ್ಟಿದ್ದು ಗಂಭೀರ ಲೋಪ ಎಂದು ಹೇಳಿ ಎಲ್ಲರನ್ನೂ ಬಿಡುಗಡೆ ಮಾಡಿತು. ಗಲ್ಲು ಆಗಿಬಿಟ್ಟಿದ್ದರೆ? ನಮ್ಮ ರಾಜ್ಯದ ಗಲ್ಲುಗಂಬ ಇರುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಆ ದಾರಿಯಲ್ಲಿ ಹೋಗುವಾಗೆಲ್ಲ ನನಗೆ ಈ ಆರು ಜನ ನೆನಪಾಗುತ್ತಾರೆ.

ಕಣ್ಣಾರೆ ಕಂಡವರೇ ಹೀಗೆ ತಪ್ಪುವುದು ಹೇಗೆ? ನಾವು ನೋಡಿದ್ದು ಮತ್ತು ಆಮೇಲೆ ಕೇಳಿದ್ದು ಎರಡೂ ಸೇರಿ ಒಂದೇ ನೆನಪಾಗುತ್ತದೆ. 1974ರಲ್ಲಿ ಮನಶ್ಶಾಸ್ತ್ರದ ಸಂಶೋಧಕರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದು ಚಲನಚಿತ್ರ ತೋರಿಸಿದರು. ಕೆಲವರಿಗೆ "ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು?" ಎಂದು ಕೇಳಿದರು. ಇನ್ನು ಕೆಲವರಿಗೆ "ತಾಗಿದಾಗ" ಎಂದು ಕೇಳಿದರು. ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿರಾ ಎಂದು ವಿಚಾರಿಸಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದರೂ ಮೊದಲ ಗುಂಪಿನ 50 ಜನರಲ್ಲಿ 16 ಮಂದಿ ಕಂಡೆವು ಅಂದರು. ಎರಡನೇ ಗುಂಪಿನಲ್ಲಿ ಹಾಗೆ ಅಂದವರು 50ರಲ್ಲಿ 7 ಮಂದಿ. ಕೇಳುವವರು ಬಳಸಿದ ಒಂದೇ ಒಂದು ಶಬ್ದ ಇಷ್ಟು ಮಾಡಿತು.

ಈಗ ಊರಿನ ಪರಿಸ್ಥಿತಿ ಯೋಚಿಸಿ. ಕೊಲೆಯಾದ ಬೆಳಿಗ್ಗೆ ಚಹಾದಂಗಡಿಯಲ್ಲಿ, ಗುಡಿ ಕಟ್ಟೆಯಲ್ಲಿ ಅದೇ ಮಾತು. ಬದುವಿನ ಜಗಳ ಎಲ್ಲರಿಗೂ ಗೊತ್ತು. "ಅವನೇ ಇರಬೇಕು" ಎಂದು ನಾಲ್ಕು ಜನ ಅನ್ನುತ್ತಾರೆ. ರಾತ್ರಿ ಯಾರೋ ಒಬ್ಬ ಲುಂಗಿ ಉಟ್ಟವನು ಓಡಿದ್ದನ್ನು ಕಂಡ ಮನುಷ್ಯನ ತಲೆಯಲ್ಲಿ ಆ ನೆರಳಿಗೆ ನಿಧಾನವಾಗಿ ಒಂದು ಮುಖ ಬರುತ್ತದೆ. ಆಮೇಲೆ ಪೊಲೀಸರು "ಸರಿಯಾಗಿ ಹೇಳಿದಿರಿ" ಅಂದರೆ ಮುಗಿಯಿತು. ಹೀಗೆ ಮೆಚ್ಚುಗೆ ಸಿಕ್ಕರೆ ತಪ್ಪಾಗಿ ಗುರುತಿಸಿದವರ ಧೈರ್ಯವೂ ಏರುತ್ತದೆ, "ನಾನು ಹತ್ತಿರದಿಂದ ಚೆನ್ನಾಗಿ ನೋಡಿದೆ" ಎಂದೂ ಅವರಿಗೆ ಅನಿಸತೊಡಗುತ್ತದೆ ಎಂದು 1998ರಲ್ಲಿ ಮನಶ್ಶಾಸ್ತ್ರದ ಸಂಶೋಧಕರಾದ ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರ್ಯಾಡ್‌ಫೀಲ್ಡ್ ಪ್ರಯೋಗ ಮಾಡಿ ತೋರಿಸಿದ್ದಾರೆ.

ಆದ್ದರಿಂದ ಕೋರ್ಟಿನ ಕಟಕಟೆಯಲ್ಲಿ ಸಾಕ್ಷಿ ಎಷ್ಟು ಗಟ್ಟಿಯಾಗಿ ಹೇಳಿದರು ಎಂಬುದನ್ನು ನೋಡಬೇಡಿ. ಮೊಟ್ಟಮೊದಲು ಏನು ಹೇಳಿದರು, ಯಾವಾಗ ಹೇಳಿದರು, ಅದನ್ನು ನೋಡಿ. ನಿಮ್ಮ ಕೇಸಿನ ಜೀವ ಅಲ್ಲಿದೆ.

ಅದಕ್ಕೆ ಕಾಗದಪತ್ರ ಬೇಕು. ಎಫ್‌ಐಆರ್, ಪೊಲೀಸರು ಬರೆದುಕೊಂಡ ಹೇಳಿಕೆ, ಸ್ಥಳ ಪಂಚನಾಮೆ, ಕೋರ್ಟಿನಲ್ಲಿ ಆದ ಸಾಕ್ಷ್ಯ, ತೀರ್ಪು ಇಷ್ಟನ್ನೂ ಮುಂದಿಟ್ಟುಕೊಂಡು ದಿನಾಂಕ ಬರೆಯಿರಿ. ಪೊಲೀಸರು ಬರೆದುಕೊಳ್ಳುವುದನ್ನು ವಕೀಲರು ಈಗಲೂ ಹಳೇ ಕಾಯ್ದೆಯ ಕಲಂ ಹಿಡಿದು "161 ಹೇಳಿಕೆ" ಅನ್ನುತ್ತಾರೆ, ಕ್ರಿಮಿನಲ್ ಕೇಸು ನಡೆಸುವ ವಿಧಾನದ ಹೊಸ ಕಾಯ್ದೆಯಾದ ಬಿಎನ್‌ಎಸ್‌ಎಸ್‌ನಲ್ಲಿ ಅದು 180ನೇ ಕಲಂ. ಅದಕ್ಕೆ ಸಾಕ್ಷಿಯ ಸಹಿ ತೆಗೆದುಕೊಳ್ಳುವಂತಿಲ್ಲ. ಬಹಳ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಕೊಲೆಯಾಗಿ ಎಷ್ಟು ದಿನದ ಮೇಲೆ ಆ ಹೇಳಿಕೆ ಬರೆದುಕೊಂಡರು? ಅದೇ ಊರಲ್ಲಿ, ಅದೇ ಓಣಿಯಲ್ಲಿ ಇದ್ದವರನ್ನು ತಡವಾಗಿ ಕೇಳಿದ್ದರೆ ಕಾರಣ ಏನು? 1978ರಲ್ಲಿ ಗಣೇಶ್ ಭವನ್ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂಶಯ ಹುಟ್ಟಿಸುವ ಸನ್ನಿವೇಶ ಜೊತೆಗಿದ್ದರೆ ಕೆಲವೇ ಗಂಟೆಗಳ ತಡವೂ ಮುಖ್ಯವಾಗುತ್ತದೆ ಎಂದಿದೆ. ಎಫ್‌ಐಆರ್ ಪ್ರತಿ ಮ್ಯಾಜಿಸ್ಟ್ರೇಟರ ಕೈಗೆ ಎಷ್ಟು ಹೊತ್ತಿಗೆ ತಲುಪಿತು ಎಂಬುದೂ ಅದರ ಮೇಲೆಯೇ ಬರೆದಿರುತ್ತದೆ. ಅದನ್ನೂ ನೋಡಿ.

ಮೊದಲ ಹೇಳಿಕೆಯಲ್ಲಿ ಇಲ್ಲದ ದೊಡ್ಡ ಮಾತು ಕೋರ್ಟಿನಲ್ಲಿ ಬಂದಿದ್ದರೆ, ಅದನ್ನು ಪಾಟೀ ಸವಾಲಿನಲ್ಲಿ ಸಾಕ್ಷಿಯನ್ನೇ ಕೇಳಿರಬೇಕು. ಆಮೇಲೆ ತನಿಖಾಧಿಕಾರಿಯಿಂದ "ಹೌದು, ಆಗ ಹಾಗೆ ಹೇಳಿರಲಿಲ್ಲ" ಎಂದು ಬಾಯಿ ಬಿಡಿಸಿರಬೇಕು. ಪೊಲೀಸರ ಮುಂದಿನ ಹೇಳಿಕೆಯನ್ನು ಸಾಕ್ಷಿಯ ಮಾತಿನಲ್ಲಿರುವ ವ್ಯತ್ಯಾಸ ತೋರಿಸಲು ಮಾತ್ರ ಬಳಸಬಹುದು. ಈ ಎರಡು ಹೆಜ್ಜೆ ತಪ್ಪಿದ್ದರೆ ನಿಮ್ಮ ವಕೀಲರಿಗೆ ಮೇಲ್ಮನವಿಯಲ್ಲಿ ಕಷ್ಟ. ಅದಕ್ಕೇ ಈ ಭಾಗವನ್ನು ಮೊದಲು ಓದಿಸಿ.

ಇನ್ನು ಬೆಳಕು. ನೀವು ರಾತ್ರಿ ಎಂದಿದ್ದೀರಿ. ಬೀದಿದೀಪ ಎಲ್ಲಿತ್ತು, ಪಂಚನಾಮೆಯ ನಕ್ಷೆಯಲ್ಲಿ ಅದನ್ನು ಗುರುತು ಮಾಡಿದ್ದಾರಾ? ಆ ಹೊತ್ತಿಗೆ ಕರೆಂಟ್ ಇತ್ತಾ? ನಮ್ಮ ಭಾಗದಲ್ಲಿ ಪೂರೈಕೆ ಹೆಸ್ಕಾಂನದು, ಅದರ ದಾಖಲೆ ಕೇಳಬಹುದು. ಅಮಾವಾಸ್ಯೆಯೋ ಹುಣ್ಣಿಮೆಯೋ ಪಂಚಾಂಗವೇ ಹೇಳುತ್ತದೆ. ಕಬ್ಬು ಆ ದಿನ ನಿಂತಿತ್ತಾ, ಕಟಾವಾಗಿತ್ತಾ? ಆಳೆತ್ತರ ಮೀರಿ ಬೆಳೆದ ಕಬ್ಬು ನಡುವೆ ಇದ್ದರೆ ಆಚೆ ಬದಿಯ ಮನುಷ್ಯ ಹಗಲಲ್ಲೂ ಕಾಣುವುದಿಲ್ಲ. ಕಬ್ಬು ಕಾರ್ಖಾನೆಗೆ ಹೋದ ದಿನದ ತೂಕದ ಚೀಟಿ ಯಾರದಾದರೂ ಮನೆಯಲ್ಲಿ ಇದ್ದೇ ಇರುತ್ತದೆ. ಇಂಥ ಚಿಕ್ಕ ಚೀಟಿಗಳು ದೊಡ್ಡ ವಾದಕ್ಕಿಂತ ಜಾಸ್ತಿ ಕೆಲಸ ಮಾಡಬಲ್ಲವು. ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯ ಕೊಡಲು ಬಿಎನ್‌ಎಸ್‌ಎಸ್ 432ನೇ ಕಲಂ ದಾರಿ ಕೊಡುತ್ತದೆ, ಆದರೆ ಅದು ಏಕೆ ಬೇಕು ಎಂದು ಕೋರ್ಟಿಗೆ ಮನವರಿಕೆ ಮಾಡಬೇಕು.

ಎರಡು ತಪ್ಪು ತಿಳಿವಳಿಕೆ ಬಿಡಿ. ಸಾಕ್ಷಿ ಸತ್ತವರ ಸಂಬಂಧಿ ಎಂಬ ಒಂದೇ ಕಾರಣಕ್ಕೆ ಅವರ ಮಾತು ಬೀಳುವುದಿಲ್ಲ. ನಿಜವಾದ ಕೊಲೆಗಾರನನ್ನು ಬಿಟ್ಟು ಬೇರೆಯವರ ಹೆಸರು ಹೇಳಲು ಸಂಬಂಧಿಕರಿಗೆ ಸಾಮಾನ್ಯವಾಗಿ ಮನಸ್ಸಾಗದು ಎಂದು ಸುಪ್ರೀಂ ಕೋರ್ಟು 1953ರ ದಲೀಪ್ ಸಿಂಗ್ ಪ್ರಕರಣದಲ್ಲೇ ಹೇಳಿದೆ, ಹಳೇ ದ್ವೇಷ ಇದ್ದರೆ ಎಚ್ಚರ ಬೇಕು ಎಂದೂ ಅದೇ ತೀರ್ಪು ಹೇಳುತ್ತದೆ. ಹಾಗೆಯೇ, ಒಂದು ಮಾತು ಸುಳ್ಳಾದರೆ ಉಳಿದದ್ದೆಲ್ಲ ಸುಳ್ಳು ಎಂಬ ನಿಯಮ ನಮ್ಮಲ್ಲಿಲ್ಲ. ಕೋರ್ಟು ಕಾಳು ಹೊಟ್ಟು ಬೇರೆ ಮಾಡಿ ನೋಡುತ್ತದೆ.

ಈಗ ಮೇಲ್ಮನವಿ. ಸೆಷನ್ಸ್ ಕೋರ್ಟಿನ ಜೀವಾವಧಿ ತೀರ್ಪಿನ ಮೇಲೆ ಹೈಕೋರ್ಟಿಗೆ ಹೋಗಲು 60 ದಿನ ಸಮಯ. ಬಾಗಲಕೋಟೆ, ಬೆಳಗಾವಿಯವರಿಗೆ ಧಾರವಾಡ ಪೀಠ. ವಿಜಯಪುರದವರಿಗೆ ಕಲಬುರಗಿ ಪೀಠ. ದಿನ ಮೀರಿದ್ದರೂ ಕಾರಣ ತೋರಿಸಿ ತಡವನ್ನು ಮನ್ನಿಸಲು ಕೇಳಬಹುದು. ತೀರ್ಪಿನ ಪ್ರತಿ ಶಿಕ್ಷೆಯಾದವರಿಗೆ ಉಚಿತ. ಜೈಲಿನಲ್ಲಿರುವವರು ಜೈಲು ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳಿಸಬಹುದು. ವಕೀಲರ ಫೀ ಕೊಡಲು ಹೊಲ ಮಾರುವ ಮುಂಚೆ ಒಂದು ಮಾತು ಕೇಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಹೈಕೋರ್ಟು ಮೇಲ್ಮನವಿಯಲ್ಲಿ ಇಡೀ ಸಾಕ್ಷ್ಯವನ್ನು ಮತ್ತೆ ಓದುತ್ತದೆ. ಕಾನೂನಿನ ಪ್ರಶ್ನೆಯನ್ನಷ್ಟೇ ನೋಡಿ ಕಳಿಸುವುದಿಲ್ಲ. ಅದಕ್ಕೇ ಇಲ್ಲಿ ಶಕ್ತಿ ಹಾಕಬೇಕು. ಇಂಗ್ಲೆಂಡಿನಲ್ಲಿ ಎಲ್ಲ ಮೇಲ್ಮನವಿ ಮುಗಿದ ಮೇಲೂ ಸಂಶಯದ ಕೇಸುಗಳನ್ನು ಪರಿಶೀಲಿಸಲು 1997ರಿಂದ ಪ್ರತ್ಯೇಕ ಆಯೋಗ ಇದೆ. ನಮ್ಮಲ್ಲಿ ಅಂಥದ್ದು ಇಲ್ಲ. ಇರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಮೇಲ್ಮನವಿಯ ಜೊತೆಗೇ ಶಿಕ್ಷೆ ಅಮಾನತು ಮಾಡಿ ಜಾಮೀನು ಕೊಡಿ ಎಂದು ಅರ್ಜಿ ಹಾಕಿಸಿ. ಕೊಲೆ ಕೇಸಿನಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ. ಸಾಕ್ಷಿಯ ಮಾತು ಮೇಲ್ನೋಟಕ್ಕೇ ಸಡಿಲ ಕಂಡರೆ ಸಿಗಬಹುದು.

ಒಂದು ಕೆಲಸ ಮಾತ್ರ ಮಾಡಲೇಬೇಡಿ. ಸಾಕ್ಷಿಯ ಮನೆಗೆ ಹೋಗಬೇಡಿ, ಹಿರಿಯರನ್ನು ಕಳಿಸಿ ಹೇಳಿಸಬೇಡಿ. ನೀವು ಕೈ ಮುಗಿದು ಕೇಳಿದರೂ ನಾಳೆ ಅದು ಬೆದರಿಕೆ ಎಂದು ದಾಖಲಾಗಬಹುದು. ಸುಳ್ಳು ಸಾಕ್ಷಿ ಹೇಳುವಂತೆ ಬೆದರಿಸುವುದು ಹೊಸ ದಂಡಸಂಹಿತೆಯಾದ ಬಿಎನ್‌ಎಸ್ 232ನೇ ಕಲಂ ಪ್ರಕಾರ ಬೇರೆಯೇ ಅಪರಾಧ. ಅವರೇ ಮನಸ್ಸು ಬದಲಿಸಿ ಬಂದರೆ ನೀವು ಬರೆಸಿಕೊಳ್ಳಲು ಹೋಗಬೇಡಿ, ನೇರವಾಗಿ ವಕೀಲರಿಗೆ ತಿಳಿಸಿ, ಅವರು ಕೋರ್ಟಿನ ಮುಂದೆ ಅರ್ಜಿ ಹಾಕಲಿ. ಬೇಕೆಂದೇ ಸುಳ್ಳು ಹೇಳಿದ್ದು ಸಾಬೀತಾದರೆ ಕ್ರಮಕ್ಕೆ ಮುಂದಾಗಬೇಕಾದ್ದು ಕೋರ್ಟು. ಪ್ರಾಮಾಣಿಕ ತಪ್ಪಿಗೆ ಶಿಕ್ಷೆ ಇಲ್ಲ, ಇರಲೂಬಾರದು. ಇದ್ದರೆ ನಾಳೆ ಯಾರೂ ಸಾಕ್ಷಿ ಹೇಳಲು ಬರುವುದಿಲ್ಲ.

ಬಿಡುಗಡೆಯಾದರೆ ಪರಿಹಾರ ಸಿಗುತ್ತದಾ ಎಂದು ಮುಂದೆ ನೀವು ಕೇಳುತ್ತೀರಿ. ಅದಕ್ಕೆಂದೇ ಕಾಯ್ದೆ ಇಲ್ಲ. ಕಾಯ್ದೆ ಮಾಡಿ ಎಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿದೆ. ನಾಸಿಕ್ ಪ್ರಕರಣದ ಆರು ಜನರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟೇ ಆದೇಶಿಸಿತ್ತು. ಉಳಿದವರು ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿ ಕೇಳಬೇಕು. ಅದಕ್ಕೆ ಎಷ್ಟು ಕಾಲ ಒಳಗಿದ್ದರು ಎಂಬ ದಾಖಲೆ ಬೇಕಾಗುತ್ತದೆ. ಬಿಡುಗಡೆಯ ದಿನವೇ ಜೈಲು ಕಚೇರಿಯಲ್ಲಿ ಅದನ್ನು ಬರೆಸಿಕೊಂಡು ಬನ್ನಿ.