ನಿದ್ದೆಯಲ್ಲಿ ಈಗೋ ಇರಲ್ಲ, ಹಾಗಾದ್ರೆ ದಿನಾ ರಾತ್ರಿ ನಾವೆಲ್ಲ ಜ್ಞಾನಿಗಳಾ?

ಓದುಗರ ಪ್ರಶ್ನೆ: ಅಹಂಕಾರ ಹೋದ್ರೆ ಮುಕ್ತಿ ಅಂತ ಎಲ್ರೂ ಹೇಳ್ತಾರೆ. ಗಾಢ ನಿದ್ದೆಯಲ್ಲಿ ನಾನು ಅನ್ನೋದೇ ಇರಲ್ಲ, ಹೆಸರಿಲ್ಲ, ಸಾಲ ಇಲ್ಲ, ಸಿಟ್ಟಿಲ್ಲ. ಹಾಗಿದ್ರೆ ನಿದ್ದೆಗೂ, ಧ್ಯಾನದಲ್ಲಿ ಮನಸ್ಸು ಪೂರ್ತಿ ಅಡಗೋ ಸಮಾಧಿಗೂ ಏನ್ ವ್ಯತ್ಯಾಸ? ಬೆನ್ನು ನೋಯಿಸ್ಕೊಂಡು ಧ್ಯಾನಕ್ಕೆ ಕೂರೋ ಬದಲು ಮಲಗಿಬಿಟ್ರೆ ಆಯ್ತಲ್ಲ?

ಉತ್ತರ: ಮೊದಲು ಉತ್ತರ ಹೇಳ್ಬಿಡ್ತೀನಿ, ವಿವರ ಆಮೇಲೆ. ನಿದ್ದೆಯಲ್ಲಿ ಅಹಂಕಾರ ಕಾಣಿಸಲ್ಲ ಅಷ್ಟೇ, ಹೋಗಿರಲ್ಲ. ಈ ಎರಡರ ಮಧ್ಯ ಇರೋ ವ್ಯತ್ಯಾಸದ ಮೇಲೇನೇ ವೇದಾಂತದವರು, ಯೋಗದವರು, ಬೌದ್ಧರು ಎಲ್ಲಾ ಸಾವಿರಾರು ವರ್ಷದಿಂದ ತಲೆ ಕೆಡಿಸ್ಕೊಂಡಿರೋದು. ಕನಕದಾಸರ 'ನಾನು ಹೋದರೆ ಹೋದೇನು' ಕಥೆ ನಮಗೆಲ್ಲ ಬಾಯಿಪಾಠ, ಆದ್ರೆ ಆ ನಾನು ದಿನಾ ರಾತ್ರಿ ಹೋಗಿ ಬೆಳಿಗ್ಗೆ ವಾಪಸ್ ಬಂದು ಕೂರುತ್ತಲ್ಲ, ಅದು ಯಾವ ಲೆಕ್ಕ ಅಂತ ಕೇಳೋರು ಕಡಿಮೆ, ನೀವು ಕೇಳಿದ್ರಿ, ಒಳ್ಳೇದಾಯ್ತು.

ನಿಮಗಿಂತ ಮೊದಲು ಇದನ್ನ ಕೇಳಿದವನು ಇಂದ್ರ. ಛಾಂದೋಗ್ಯ ಉಪನಿಷತ್ತಿನ 8ನೇ ಅಧ್ಯಾಯದಲ್ಲಿ ಬರುತ್ತೆ. ಆತ್ಮ ಅಂದ್ರೆ ಏನು ಅಂತ ತಿಳ್ಕೊಳೋಕೆ ದೇವತೆಗಳ ಕಡೆಯಿಂದ ಇಂದ್ರ, ಅಸುರರ ಕಡೆಯಿಂದ ವಿರೋಚನ, ಇಬ್ರೂ ಪ್ರಜಾಪತಿ ಹತ್ರ ಹೋಗ್ತಾರೆ. 32 ವರ್ಷ ಇದ್ದಾದ ಮೇಲೆ ಪ್ರಜಾಪತಿ ಅವರನ್ನ ನೀರಿನ ಪಾತ್ರೆಯಲ್ಲಿ ನೋಡಿ ಅಂತಾನೆ, ಚೆನ್ನಾಗಿ ಅಲಂಕಾರ ಮಾಡ್ಕೊಂಡು ನೋಡಿದ್ರೆ ಅಲಂಕಾರ ಮಾಡ್ಕೊಂಡಿರೋ ತಾವೇ ಕಾಣ್ತಾರೆ. ವಿರೋಚನ 'ಓಹೋ ದೇಹಾನೇ ಆತ್ಮ' ಅಂತ ಖುಷಿಯಾಗಿ ಹೊರಟೇಬಿಟ್ಟ. ಇಂದ್ರನಿಗೆ ಅರ್ಧ ದಾರಿಯಲ್ಲಿ ಡೌಟ್ ಬಂತು, ದೇಹ ಕುರುಡಾದ್ರೆ ಇದೂ ಕುರುಡಾಗುತ್ತಲ್ಲ ಅಂತ ವಾಪಸ್ ಬಂದ. ಇನ್ನೂ 32 ವರ್ಷ. ಈ ಸಲ ಕನಸಲ್ಲಿ ಓಡಾಡೋನೇ ಆತ್ಮ ಅಂದ ಪ್ರಜಾಪತಿ. ಕನಸಲ್ಲೂ ಯಾರೋ ಅಟ್ಟಿಸ್ಕೊಂಡು ಬರ್ತಾರೆ, ಅಳ್ತೀವಿ, ಇದೂ ಬೇಡ ಅಂತ ಮತ್ತೆ ವಾಪಸ್. ಮತ್ತೆ 32. ಆಗ ಪ್ರಜಾಪತಿ ಹೇಳೋದು ಕನಸೂ ಇಲ್ಲದ ಪ್ರಶಾಂತವಾದ ನಿದ್ದೇನೇ ಆತ್ಮ, ಅದೇ ಅಭಯ, ಅದೇ ಬ್ರಹ್ಮ ಅಂತ.

ಗುರುವೇ ಬಾಯಿಬಿಟ್ಟು ಹೇಳಿದಾನೆ, ಒಪ್ಕೊಂಡು ಮನೆಗೆ ಹೋಗಬಹುದಿತ್ತು. ಇಂದ್ರ ಒಪ್ಪಲ್ಲ. ಈ ಸ್ಥಿತಿಯಲ್ಲಿ 'ನಾನು ಇಂಥವನು' ಅಂತ ತನಗೇ ಗೊತ್ತಿರಲ್ಲ, ಬೇರೆಯವರೂ ಗೊತ್ತಿರಲ್ಲ, ನಾಶ ಆಗಿಹೋದ ಹಾಗೇ ಆಯ್ತಲ್ಲ, ಇದರಲ್ಲಿ ನನಗೇನೂ ಸುಖ ಕಾಣ್ತಿಲ್ಲ ಅಂತ ಮತ್ತೆ ಬಂದ. ಪ್ರಜಾಪತಿ ಬೈಯಲ್ಲ, ಸರಿಯಾಗೇ ಹೇಳ್ದೆ, ಇನ್ನೈದು ವರ್ಷ ಇರು ಅಂತಾನೆ. ಒಟ್ಟು 101 ವರ್ಷ. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟ ಆಗೋದು ಈ ಜಾಗ, ಯಾಕಂದ್ರೆ ಈಗೋ ಇಲ್ಲದ ಸ್ಥಿತಿ ಸಿಕ್ಕಿದ್ರೂ ಶಿಷ್ಯ 'ಇಷ್ಟು ಸಾಲದು' ಅಂದ, ಗುರು ಅದಕ್ಕೆ ಹೌದು ಅಂದ.

ಈಗ ಅಹಂಕಾರ ಅಂದ್ರೆ ಏನು ಅಂತ ಸ್ವಲ್ಪ ಕ್ಲಿಯರ್ ಮಾಡ್ಕೊಳೋಣ. ನಾವು ಮಾತಾಡುವಾಗ ಜಂಬ ಪಡೋರಿಗೆ ಅಹಂಕಾರಿ ಅಂತೀವಿ, ಇಲ್ಲಿ ಅದಲ್ಲ. ವೇದಾಂತದಲ್ಲಿ ಒಳಗಿನ ಸಲಕರಣೆಗೆ ಅಂತಃಕರಣ ಅಂತಾರೆ, ಅದು ಮಾಡೋ ಕೆಲಸದ ಮೇಲೆ ನಾಲ್ಕು ಹೆಸರು: ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ. ಕಣ್ಣು ನೋಡಿದ್ದನ್ನ 'ನಾನು ನೋಡಿದೆ' ಅಂತ, ಕಾಲು ನಡೆದಿದ್ದನ್ನ 'ನಾನು ನಡೆದೆ' ಅಂತ ತನ್ನ ಲೆಕ್ಕಕ್ಕೆ ಬರ್ಕೊಳೋದು ಅಹಂಕಾರದ ಕೆಲಸ. ತುಂಬಾ ವಿನಯವಂತನಿಗೂ ಇದು ಇರುತ್ತೆ, 'ನಾನು ಎಷ್ಟು ವಿನಯವಂತ' ಅಂತ ಬರ್ಕೊಳೋದೂ ಅದೇ.

ಬೆಳಿಗ್ಗೆ ಏಳೋ ಆ ಎರಡು ಮೂರು ಸೆಕೆಂಡನ್ನ ಒಂದ್ಸಲ ಗಮನ ಇಟ್ಟು ನೋಡಿ, ಹೊಸ ಜಾಗದಲ್ಲಿ ಮಲಗಿದ್ರಂತೂ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಕಣ್ಣು ಬಿಟ್ಟಿರ್ತೀರಿ, ಬೆಳಕು ಕಾಣ್ತಿರುತ್ತೆ, ಆದ್ರೆ ಎಲ್ಲಿದೀನಿ ಅಂತ ಗೊತ್ತಿಲ್ಲ, ಯಾವ ವಾರ ಅಂತ ಗೊತ್ತಿಲ್ಲ, ಗೋಡೆ ಯಾಕೆ ಈ ಕಡೆ ಬಂತು ಅಂತ ಅನ್ಸುತ್ತೆ. ಇದೀನಿ ಅನ್ನೋದು ಮಾತ್ರ ಗೊತ್ತು. ಆಮೇಲೆ ಜಾಗ ನೆನಪಾಗುತ್ತೆ, ನಾನು ಇಂಥವನು ಅನ್ನೋದು ಬರುತ್ತೆ, ಅದರ ಹಿಂದೇನೇ ನಿನ್ನೆ ಯಾರೋ ಅಂದಿದ್ದ ಮಾತು, ಆ ಮಾತಿನ ಉರಿ ಸಮೇತ, ಒಂಚೂರೂ ಕಡಿಮೆ ಆಗದೆ ಬಂದು ಕೂರುತ್ತೆ. ರಾತ್ರಿಯೆಲ್ಲ ಇರಲಿಲ್ಲ ಅಂದ್ಕೊಂಡಿದ್ದ ಆಸಾಮಿಗೆ ಒಂದು ವಿಷಯಾನೂ ಮರ್ತಿಲ್ಲ! ನಿಜವಾಗ್ಲೂ ಅಳಿಸಿಹೋಗಿದ್ರೆ ಇಷ್ಟು ಕರೆಕ್ಟಾಗಿ ಹೇಗೆ ಬರ್ತಿತ್ತು?

ಶಾಸ್ತ್ರದವರು ಹಿಡಿಯೋ ಪಾಯಿಂಟ್ ಇದೇ. ಮಾಂಡೂಕ್ಯ ಉಪನಿಷತ್ತು ಅಂತ ಇದೆ, ಬರೀ 12 ಮಂತ್ರ. ಅದರಲ್ಲಿ ಎಚ್ಚರ, ಕನಸು, ನಿದ್ದೆ ಮೂರನ್ನೂ ಹೇಳಿ, ಆಮೇಲೆ ನಾಲ್ಕನೇದು ಅಂತ ತುರೀಯವನ್ನ ಹೇಳುತ್ತೆ, ಅದೂ ಅದಲ್ಲ ಇದಲ್ಲ ಅಂತ ತಳ್ಳಿ ತಳ್ಳಿ ಹೇಳೋದು. ಇದಕ್ಕೆ ಹಳೇ ಅದ್ವೈತ ಗುರು ಗೌಡಪಾದರು ಬರೆದ ಕಾರಿಕೆಯ (ಪದ್ಯರೂಪದ ವಿವರಣೆ) ಮೊದಲನೇ ಪ್ರಕರಣದಲ್ಲಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದೆ: ಎರಡು ಅನ್ನೋದು ಕಾಣಿಸದೇ ಇರೋದು ನಿದ್ದೆಗೂ ತುರೀಯಕ್ಕೂ ಸಮಾನವೇ, ಆದ್ರೆ ನಿದ್ದೆಯಲ್ಲಿ ಬೀಜ, ಅಂದ್ರೆ ಮತ್ತೆ ಎಲ್ಲಾ ಮೊಳೆಯೋಕೆ ಕಾರಣವಾದ ಅಜ್ಞಾನ, ಇರುತ್ತೆ, ತುರೀಯದಲ್ಲಿ ಇರಲ್ಲ. ಅವರು ಇನ್ನೊಂದು ಮಾತೂ ಹೇಳ್ತಾರೆ, ಇದು ಸ್ವಲ್ಪ ತಲೆ ತಿರುಗಿಸೋ ಮಾತು. ಇರೋದನ್ನ ಬೇರೆ ಥರ ತಿಳ್ಕೊಳೋದು ಕನಸು, ಇರೋದನ್ನ ತಿಳೀದೇ ಇರೋದು ನಿದ್ದೆ. ಈ ಲೆಕ್ಕದಲ್ಲಿ ನೋಡಿದ್ರೆ ಈಗ ಇದನ್ನ ಓದ್ತಾ ಇರೋವಾಗ್ಲೂ ನಮ್ಮ ನಿದ್ದೆ, ಕನಸು ಎರಡೂ ನಡೀತಾನೇ ಇವೆ.

ಯೋಗದವರದ್ದೂ ಹೆಚ್ಚುಕಮ್ಮಿ ಇದೇ ದಾರಿ. ಯೋಗಸೂತ್ರ ಬರೆದ ಪತಂಜಲಿ ನಿದ್ದೆಯನ್ನ ಐದು ಚಿತ್ತವೃತ್ತಿಗಳ (ಮನಸ್ಸಿನ ಚಟುವಟಿಕೆಗಳ) ಪಟ್ಟಿಯಲ್ಲೇ ಸೇರಿಸಿಬಿಟ್ಟಿದಾರೆ. ಅಂದ್ರೆ ನಿದ್ದೆ ಮನಸ್ಸು ನಿಂತಿರೋ ಸ್ಥಿತಿ ಅಲ್ಲ, 'ಏನೂ ಇಲ್ಲ' ಅನ್ನೋದನ್ನ ಹಿಡ್ಕೊಂಡಿರೋ ಒಂದು ವೃತ್ತಿ. ಸಾಕ್ಷಿ ಬೇಕಾ, ಎದ್ದ ಮೇಲೆ 'ಸುಖವಾಗಿ ನಿದ್ದೆ ಬಂತು' ಅಂತ ನಾವೇ ಹೇಳ್ತೀವಲ್ಲ, ಅನುಭವ ಇಲ್ಲದೇ ನೆನಪು ಎಲ್ಲಿಂದ ಬಂತು ಅಂತ ಯೋಗಸೂತ್ರದ ವ್ಯಾಖ್ಯಾನವಾದ ವ್ಯಾಸಭಾಷ್ಯ ಕೇಳುತ್ತೆ. ದುಃಖಕ್ಕೆ ಮೂಲವಾದ ಕ್ಲೇಶಗಳಿಗೂ ಪತಂಜಲಿ ನಾಲ್ಕು ಸ್ಥಿತಿ ಹೇಳ್ತಾರೆ, ಮೊದಲನೇದೇ ಪ್ರಸುಪ್ತ, ಮಲಗಿರೋದು. 'ನಾನು' ಅನ್ನೋ ಅಸ್ಮಿತೆಯೂ ಆ ಕ್ಲೇಶಗಳಲ್ಲಿ ಒಂದು.

ಹಾಗಂತ ಎಲ್ರೂ ಒಂದೇ ಮಾತು ಹೇಳ್ತಾರೆ ಅಂದ್ಕೋಬೇಡಿ, ಇಲ್ಲಿ ಜಗಳ ಜೋರಾಗೇ ಇದೆ. ವಿಶಿಷ್ಟಾದ್ವೈತದ ರಾಮಾನುಜರು ತಮ್ಮ ಬ್ರಹ್ಮಸೂತ್ರ ವ್ಯಾಖ್ಯಾನವಾದ ಶ್ರೀಭಾಷ್ಯದಲ್ಲಿ, ನಿದ್ದೆಯಲ್ಲಿ 'ನಾನು' ಹೋಗುತ್ತೆ ಅನ್ನೋದೇ ತಪ್ಪು ಅಂತಾರೆ. 'ನಾನು ಸುಖವಾಗಿ ಮಲಗಿದ್ದೆ' ಅಂತ ಎದ್ದವನು ಹೇಳ್ತಾನಲ್ಲ, ಆ ನಾನೇ ಆತ್ಮ, ಅದು ಮುಕ್ತಿಯಲ್ಲೂ ಇರುತ್ತೆ, ಹೋಗಬೇಕಾಗಿರೋದು ದೇಹವನ್ನ ನಾನು ಅಂದ್ಕೊಳೋ ಅಹಂಕಾರ ಮಾತ್ರ ಅಂತ ಅವರ ವಾದ. ಅದ್ವೈತದ ಒಳಗೇ ಮತ್ತೊಂದು ಜಗಳ, ನಿದ್ದೆಯಲ್ಲಿ ಅವಿದ್ಯೆ (ಅಜ್ಞಾನ) ಒಂದು ವಸ್ತು ಥರ ಉಳಿದಿರುತ್ತಾ ಇಲ್ವಾ ಅಂತ. ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು ಹಾಗೆ ಮೂಲಾವಿದ್ಯೆ ಅಂತ ಒಂದು ಇದೆ ಅನ್ನೋದನ್ನ ಜೀವಮಾನ ಪೂರ್ತಿ ಖಂಡಿಸಿದ್ರು. ಕನ್ನಡದಲ್ಲೇ ಬೇಕಾದಷ್ಟು ಬರೆದಿದಾರೆ, ಆಸಕ್ತಿ ಇದ್ದೋರು ಓದಿ, ಇಲ್ಲಿ ಬಿಡಿಸೋಕೆ ಹೋದ್ರೆ ಮುಗಿಯಲ್ಲ. ನನಗಂತೂ ರಾಮಾನುಜರ ಆಕ್ಷೇಪಣೆಯನ್ನ ಸುಲಭವಾಗಿ ತಳ್ಳಿಹಾಕೋಕೆ ಆಗಲ್ಲ ಅನ್ಸುತ್ತೆ, ಈಗೋ ಸಾಯ್ಬೇಕು ಅಂತ ಹೇಳೋರಲ್ಲಿ ಎಷ್ಟೋ ಜನ 'ಯಾವ ನಾನು' ಅಂತ ಹೇಳೋದೇ ಇಲ್ಲ.

ಸಮಾಧಿ ವಿಷಯಕ್ಕೆ ಬರೋಣ. ರಮಣ ಮಹರ್ಷಿಗಳು ಹೇಳ್ತಿದ್ದ ಒಂದು ಕಥೆ ಇದೆ. ಗಂಗೆ ದಡದಲ್ಲಿ ಒಬ್ಬ ಯೋಗಿ, ಸಮಾಧಿಯಿಂದ ಎದ್ದ, ಬಾಯಾರಿಕೆ ಆಯ್ತು, ಶಿಷ್ಯನಿಗೆ ನೀರು ತಾ ಅಂದ. ಶಿಷ್ಯ ಬರೋದ್ರೊಳಗೆ ಮತ್ತೆ ಸಮಾಧಿಗೆ ಹೋಗ್ಬಿಟ್ಟ. ನೂರಾರು ವರ್ಷ ಆಯ್ತು, ಶಿಷ್ಯ ಸತ್ತುಹೋದ, ರಾಜರು ಬಂದ್ರು ಹೋದ್ರು. ಕೊನೆಗೂ ಕಣ್ಣು ಬಿಟ್ಟವನು ಆಡಿದ ಮೊದಲ ಮಾತು, 'ಎಲ್ಲಿ ನೀರು?' ಅಷ್ಟು ವರ್ಷ ಮನಸ್ಸು ಪೂರ್ತಿ ಅಡಗಿತ್ತು, ಆದ್ರೆ ಯಾವ ಆಸೆ ಇಟ್ಕೊಂಡು ಅಡಗಿತ್ತೋ ಅದೇ ಆಸೆ ಇಟ್ಕೊಂಡು ಎದ್ದಿತು. ಇದನ್ನ ಅವರು ಲಯ ಅಂತಾರೆ, ನಾಶ ಬೇರೆ. ಲಯ ಆಗಿದ್ದು ಮತ್ತೆ ಹುಟ್ಟುತ್ತೆ, ಸತ್ತಿದ್ದು ಹುಟ್ಟಲ್ಲ ಅಂತ 30 ಶ್ಲೋಕದ ಉಪದೇಶಸಾರದಲ್ಲಿ ಒಂದೇ ಸಾಲಲ್ಲಿ ಮುಗಿಸಿದಾರೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನ ಸ್ವಲ್ಪ ತಿರುಗಿಸಿ ಕೇಳ್ಬೇಕಾಗುತ್ತೆ: ನಿದ್ದೆಗೂ ಸಮಾಧಿಗೂ ಏನು ವ್ಯತ್ಯಾಸ ಅನ್ನೋದಲ್ಲ, ಎದ್ದು ಬಂದವನಲ್ಲಿ ಏನು ವ್ಯತ್ಯಾಸ ಅಂತ. ಸಮಾಧಿಯಿಂದ ಎದ್ದವನೂ ಹೋದವನ ಹಾಗೇ ಇದ್ರೆ ಅದೊಂದು ದುಬಾರಿ ನಿದ್ದೆ ಅಷ್ಟೇ.

ಇದು ದೊಡ್ಡ ಯೋಗಿಗಳ ಸಮಸ್ಯೆ ಅಂದ್ಕೋಬೇಡಿ, ಮೊಬೈಲಲ್ಲಿ ಆಪ್ ಹಾಕ್ಕೊಂಡು ಇಪ್ಪತ್ತು ನಿಮಿಷ ಕೂರೋರಿಗೂ ಇದೆ. ತುಂಬಾ ಜನ ಹೇಳ್ತಾರೆ, ಇವತ್ತು ಮೆಡಿಟೇಶನ್ ಸೂಪರ್, ಫುಲ್ ಬ್ಲಾಂಕ್ ಆಗಿತ್ತು, ಟೈಮ್ ಹೋಗಿದ್ದೇ ಗೊತ್ತಾಗ್ಲಿಲ್ಲ ಅಂತ. ಕತ್ತು ಮುಂದಕ್ಕೆ ವಾಲಿತ್ತಾ, ಎದ್ದಾಗ ಮಂಕು ಕವಿದ ಹಾಗಿತ್ತಾ, ಹಾಗಿದ್ರೆ ಅದು ಕೂತಲ್ಲೇ ಬಂದ ನಿದ್ದೆ. ಗೌಡಪಾದರು ಇದಕ್ಕೂ ಹೇಳಿದಾರೆ, ಮನಸ್ಸು ಲಯಕ್ಕೆ ಜಾರಿದ್ರೆ ಎಬ್ಬಿಸು, ಚದುರಿದ್ರೆ ಶಾಂತ ಮಾಡು, ಅಲ್ಲಿ ಸಿಗೋ ಸುಖವನ್ನ ಚಪ್ಪರಿಸ್ತಾ ಕೂರಬೇಡ. ಈ ಕೊನೇದಂತೂ ಯಾರಿಗೂ ಇಷ್ಟ ಆಗಲ್ಲ, ನಾವು ಕೂರೋದೇ ಆ ಸುಖಕ್ಕೆ.

ಬೌದ್ಧರ ಕಡೆ ಒಂದು 'ಸುತ್ತ' (ಸೂತ್ರ, ಅಂದ್ರೆ ಉಪದೇಶದ ಪಾಠ) ಇದೆ, ನನಗೆ ಅದು ಈ ವಿಷಯದಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕ ಅನ್ಸುತ್ತೆ. ಖೇಮಕ ಅನ್ನೋ ಭಿಕ್ಷು ತುಂಬಾ ಕಾಯಿಲೆ ಬಿದ್ದಿರ್ತಾನೆ. ಹಿರಿಯ ಭಿಕ್ಷುಗಳು ಒಬ್ಬನ ಕೈಲಿ ಹೇಳಿಕಳಿಸ್ತಾರೆ, ದೇಹ, ವೇದನೆ (ಸುಖದುಃಖದ ಅನುಭವ), ಸಂಜ್ಞೆ (ಗುರುತಿಸೋದು), ಸಂಸ್ಕಾರ (ಮನಸ್ಸಿನ ಪ್ರೇರಣೆಗಳು), ವಿಜ್ಞಾನ (ಅರಿವು), ಇದ್ರಲ್ಲಿ ಯಾವುದನ್ನಾದ್ರೂ ನಾನು ಅಂತೀಯಾ? ಇಲ್ಲ ಅಂತಾನೆ. ಹಾಗಿದ್ರೆ ನೀನು ಅರಹಂತ (ಪೂರ್ತಿ ಮುಕ್ತನಾದವನು) ಆಗಿಬಿಟ್ಟೆ ಅಂತ ಅವರು. ಅದಕ್ಕೆ ಆತ, ಇಲ್ಲ, ಯಾವುದನ್ನೂ ನಾನು ಅನ್ನಲ್ಲ ನಿಜ, ಆದ್ರೂ 'ನಾನಿದೀನಿ' ಅನ್ನೋದು ಇನ್ನೂ ಹೋಗಿಲ್ಲ ಅಂತಾನೆ. ಸಂದೇಶ ಹೊತ್ಕೊಂಡು ಓಡಾಡಿ ಓಡಾಡಿ ಸಾಕಾಗಿ, ಕೊನೆಗೆ ಕೋಲು ಊರ್ಕೊಂಡು ತಾನೇ ಅವರ ಹತ್ರ ಬಂದು ವಿವರಿಸ್ತಾನೆ. ಬಟ್ಟೆ ಒಗೆದು ಕೊಳೆ ಪೂರ್ತಿ ಹೋದ ಮೇಲೂ ಒಗೆಯೋಕೆ ಹಾಕಿದ ಕ್ಷಾರದ ವಾಸನೆ ಸ್ವಲ್ಪ ಉಳಿದಿರುತ್ತಲ್ಲ, ಹಾಗೆ ಅಂತ. ಈ ಮಾತುಕತೆ ಮುಗಿಯೋ ಹೊತ್ತಿಗೆ ಕೇಳ್ತಿದ್ದವರ ಜೊತೆ ಆತನದ್ದೂ ಆ ಉಳಿಕೆ ಹೋಯ್ತು ಅಂತ ಸುತ್ತ ಹೇಳುತ್ತೆ. ತಾನು ಎಲ್ಲಿದೀನಿ ಅನ್ನೋದನ್ನ ಇಷ್ಟು ಅಳತೆಯಲ್ಲಿ ಹೇಳೋರು ಸಿಗೋದು ಕಷ್ಟ, ಈಗ ಬೇಕಾದ್ರೆ ನೋಡಿ, ಒಂದು ವೀಕೆಂಡ್ ಕ್ಯಾಂಪ್ ಮುಗಿಸಿ ಬಂದೋರು '5ಡಿ ಕಾನ್ಷಿಯಸ್‌ನೆಸ್' ಅಂತ ಸ್ಟೇಟಸ್ ಹಾಕ್ತಾರೆ, ಯಾವ ಲೆವೆಲ್ ಅಂತ ಹೇಳ್ಕೊಳೋಕೆ ಒಬ್ಬ 'ನಾನು' ಬೇಕಲ್ಲ, ಅವನು ಆರಾಮಾಗಿದಾನೆ.

ವಿಜ್ಞಾನದ ಹೆಸರಲ್ಲಿ ಬರೋ ಒಂದು ವಾದಕ್ಕೂ ಉತ್ತರ ಹೇಳ್ಬಿಡ್ತೀನಿ. ಸುಮ್ನೆ ಕೂತು ನಮ್ಮ ಬಗ್ಗೆನೇ ಯೋಚಿಸುವಾಗ ಚುರುಕಾಗಿರೋ ಮೆದುಳಿನ ಕೆಲವು ಭಾಗಗಳಿವೆ, ಡಿಫಾಲ್ಟ್ ಮೋಡ್ ನೆಟ್‌ವರ್ಕ್ ಅಂತಾರೆ, ಮಾರ್ಕಸ್ ರೇಕಲ್ ಮತ್ತು ಜೊತೆಗಾರರು 2001ರಲ್ಲಿ ಬರೆದ ಪೇಪರಿಂದ ಈ ಮಾತು ಚಾಲ್ತಿಗೆ ಬಂತು. ಧ್ಯಾನದಲ್ಲಿ ಅದು ತಣ್ಣಗಾದ್ರೆ ಈಗೋ ಸತ್ತ ಹಾಗೆ ಅಂತ ಕೆಲವರು ಹೇಳ್ತಾರೆ. ಸ್ಕ್ಯಾನ್‌ನಲ್ಲಿ ಕಾಣೋದು ಆ ಹೊತ್ತಿನ ಮಟ್ಟಿಗೆ ಅದರ ಕೆಲಸ ಕಡಿಮೆ ಆಗಿದೆ ಅನ್ನೋದಷ್ಟೇ, ಅಂದ್ರೆ ಮತ್ತೆ ಲಯದ ಕಥೆನೇ.

ಹಾಗಾದ್ರೆ ನಿದ್ದೆಯಿಂದ ಏನೂ ಪ್ರಯೋಜನ ಇಲ್ವಾ? ಇದೆ, ದೊಡ್ಡದೇ ಇದೆ. ಬೃಹದಾರಣ್ಯಕದಲ್ಲಿ ಅಜಾತಶತ್ರು ಅನ್ನೋ ರಾಜ, ತನಗೆ ಬ್ರಹ್ಮ ಗೊತ್ತು ಅಂತ ಬಂದಿದ್ದ ಬಾಲಾಕಿಯ ಕೈ ಹಿಡ್ಕೊಂಡು ಮಲಗಿರೋ ಒಬ್ಬ ಮನುಷ್ಯನ ಹತ್ರ ಕರ್ಕೊಂಡು ಹೋಗ್ತಾನೆ. ದೊಡ್ಡ ದೊಡ್ಡ ಹೆಸರು ಹಿಡಿದು ಕರೀತಾರೆ, ಅವನು ಏಳಲ್ಲ. ಕೈಯಿಂದ ತಟ್ಟಿದಾಗ ಎದ್ದ. ಆಗ ರಾಜ ಕೇಳ್ತಾನೆ, ಮಲಗಿದ್ದಾಗ ಇವನು ಎಲ್ಲಿದ್ದ, ಈಗ ಎಲ್ಲಿಂದ ಬಂದ? ಬಾಲಾಕಿಗೆ ಉತ್ತರ ಗೊತ್ತಿಲ್ಲ. ಉಪನಿಷತ್ತಿಗೆ ನಿದ್ದೆ ಬೇಕಾಗಿರೋದು ಈ ಪ್ರಶ್ನೆ ಹುಟ್ಟಿಸೋಕೆ. 'ಅಹಂಕಾರ ಹೋದ್ರೆ ನಾನೇ ಇರಲ್ವಲ್ಲ' ಅಂತ ಹೆದರ್ಕೊಳೋರಿಗೂ ಇಲ್ಲೇ ಉತ್ತರ ಇದೆ, ಯಾರೂ ಹೆದರ್ಕೊಂಡು ಮಲಗಲ್ಲ, ನಿದ್ದೆ ಬರಲಿಲ್ಲ ಅಂದ್ರೇ ಹೆದರೋದು.

ಪತಂಜಲಿ ಕೂಡ ಕನಸು ನಿದ್ದೆಗಳ ಅರಿವನ್ನ ಧ್ಯಾನಕ್ಕೆ ಆಸರೆ ಮಾಡ್ಕೋಬಹುದು ಅಂತ ಒಂದು ಸೂತ್ರ ಇಟ್ಟಿದಾರೆ, ಟಿಬೆಟಿನ ಬೌದ್ಧರಲ್ಲಿ ನಿದ್ದೆಯಲ್ಲೇ ಎಚ್ಚರ ಇಟ್ಕೊಳೋ ಸಾಧನೆಗಳಿವೆ. ಟ್ರೈ ಮಾಡೋರು ಗೊತ್ತಿರೋರ ಹತ್ರ ಕೇಳಿ ಮಾಡಿ, ಏಳೋ ಆ ಕ್ಷಣಗಳನ್ನ ಗಮನಿಸೋದಕ್ಕಂತೂ ಯಾರ ಪರ್ಮಿಶನ್ನೂ ಬೇಡ. ಅಲಾರಾಂ ಇಟ್ಟು ನಿದ್ದೆ ಕೆಡಿಸ್ಕೊಂಡು ಮಾಡೋಕೆ ಮಾತ್ರ ಹೋಗಬೇಡಿ. ಅತಿಯಾಗಿ ಮಲಗೋನಿಗೂ ಯೋಗ ಇಲ್ಲ, ಅತಿಯಾಗಿ ಎದ್ದಿರೋನಿಗೂ ಇಲ್ಲ ಅಂತ ಗೀತೆಯ 6ನೇ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಹೇಳಿದಾನೆ, ಅರ್ಜುನನಿಗಿದ್ದ ಹೆಸರು ಗುಡಾಕೇಶ, ನಿದ್ದೆ ಗೆದ್ದವನು.